ಮ್ಯಾಚಿಂಗ್ ದೇಣಿಗೆ ಒಪ್ಪಿಕೊಳ್ಳೋದಾ ಬೇಡವಾ? ಅನುಭವ ಇದ್ದವರು ಹೇಳಿ

ಕೇಳಿದವರು: ನಮ್ಮ ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜಿನ ಸ್ಟುಡಿಯೋ ರಿಪೇರಿಗೆ ಹಣ ಎತ್ತುತ್ತಿದ್ದೇವೆ. ಹಳೇ ವಿದ್ಯಾರ್ಥಿಯೊಬ್ಬರು "ಉಳಿದವರೆಲ್ಲ ಸೇರಿ ಎಷ್ಟು ಕೊಡ್ತಾರೋ ಅಷ್ಟು ನಾನೊಬ್ಬನೇ ಕೊಡ್ತೀನಿ, 90 ದಿನ ಗಡುವು" ಅಂದಿದ್ದಾರೆ. ಒಂದಕ್ಕೆ ಎರಡು, ಅಂದರೆ ಉಳಿದವರು ಕೊಡುವ ಒಂದು ರೂಪಾಯಿಗೆ ಎರಡು ರೂಪಾಯಿ ಕೊಡಿ ಅಂತ ಕೇಳೋಣ ಅನ್ನುತ್ತಿದ್ದಾರೆ ಸಮಿತಿಯಲ್ಲಿ ಕೆಲವರು. ಏನು ಮಾಡೋಣ?

ಸೆರಾಮಿಕ್ಸ್ ಮೇಷ್ಟ್ರು: ನಾವು ಒಪ್ಪಿಕೊಂಡು ಕೈ ಸುಟ್ಟುಕೊಂಡೆವು. ಮಡಕೆ ಸುಡುವ ಹೊಸ ಗೂಡು (ಕಿಲ್ನ್) ಹಾಕಿಸಬೇಕಿತ್ತು. 1,140 ಪತ್ರ ಹಾಕಿದೆವು. 212 ಪತ್ರ ವಿಳಾಸ ಸರಿಯಿಲ್ಲ ಅಂತ ವಾಪಸ್ ಬಂದವು. ಮತ್ತೆ ಕವರ್, ಮತ್ತೆ ಅಂಚೆ ಖರ್ಚು. ನಾನೂ ಇಬ್ಬರು ವಿದ್ಯಾರ್ಥಿಗಳೂ ಹನ್ನೊಂದು ಸಂಜೆ ಕೂತು ವಿಳಾಸ ತಿದ್ದಿದೆವು. ಗಡುವಿಗೆ ವಾರ ಇದ್ದಾಗ ಗೊತ್ತಾಯಿತು, ಒಪ್ಪಂದದಲ್ಲಿ "ಖಾತೆಗೆ ಜಮಾ ಆದ ಹಣ" ಅಂತ ಇದೆ. ಕೊಡುತ್ತೇವೆ ಅಂತ ಬರೆದುಕೊಟ್ಟದ್ದು ಲೆಕ್ಕಕ್ಕಿಲ್ಲ. ಮೂರು ಕಂತಿನಲ್ಲಿ ಕೊಡುತ್ತೇವೆ ಅಂದವರ ಎರಡು ಕಂತೂ ಹೊರಗೆ ಬಿದ್ದವು. ಗುರಿಯ ಶೇ 61ಕ್ಕೆ ನಿಂತೆವು. ಇವತ್ತಿಗೂ ಹಳೇ ಕಿಲ್ನ್ ಬಾಗಿಲಿಗೆ ಇಟ್ಟಿಗೆ ಒತ್ತುಕೊಟ್ಟೇ ಉರಿಸುತ್ತೇವೆ. ಸಂದಿಯಲ್ಲಿ ಬಿಸಿ ಸೋರಿ ಆ ಕಡೆಯ ಮಡಕೆಗಳ ಮೇಲಿನ ಹೊಳಪಿನ ಲೇಪ (ಗ್ಲೇಜ್) ಹಸಿಯಾಗೇ ಉಳಿಯುತ್ತದೆ.

ರಂಗ ವಿಭಾಗ: ನಮ್ಮಲ್ಲಿ ಪೂರ್ತಿ ಯಶಸ್ಸು. ಒಂದಕ್ಕೆ ಒಂದು, 60 ದಿನ. ಕೊನೆಯ ನಾಲ್ಕು ದಿನದಲ್ಲೇ ಅರ್ಧ ಹಣ ಬಂತು. ಎರಡಕ್ಕೆ, ಮೂರಕ್ಕೆ ಆಸೆ ಬೀಳಬೇಡಿ. ಕಾರ್ಲನ್ ಮತ್ತು ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಇದನ್ನೇ ತೋರಿಸಿದರು. ಅಮೆರಿಕದ ಒಂದು ಸಂಸ್ಥೆಯ 50,000ಕ್ಕೂ ಜಾಸ್ತಿ ಹಳೇ ದಾನಿಗಳಿಗೆ ಪತ್ರ ಹೋಯಿತು. ಮ್ಯಾಚಿಂಗ್ ಇದೆ ಅಂದಾಗ ಪತ್ರಕ್ಕೆ ಇಷ್ಟು ಅಂತ ಬಂದ ಹಣ ಶೇ 19ರಷ್ಟು ಏರಿತು. ಆದರೆ ಒಂದಕ್ಕೆ ಮೂರು ಅಂದರೂ ಒಂದಕ್ಕೆ ಒಂದಕ್ಕಿಂತ ಜಾಸ್ತಿಯೇನೂ ಬರಲಿಲ್ಲ. ಸೆರಾಮಿಕ್ಸ್‌ನವರು ಒಪ್ಪಂದ ಓದದೆ ಸಹಿ ಹಾಕಿದರೆ ಅದು ಮ್ಯಾಚಿಂಗ್ ತಪ್ಪಲ್ಲ.

ಸೆರಾಮಿಕ್ಸ್ ಮೇಷ್ಟ್ರು: ಓದಿದ್ದೆವು. ಸಹಿ ಆದಮೇಲೆ ಬಂದ ಪ್ರತಿಯಲ್ಲಿ ಆ ಸಾಲು ಬದಲಾಗಿತ್ತು. ಗೊತ್ತಿಲ್ಲದೆ ಮಾತಾಡಬೇಡಿ.

ಸಂಗೀತದವಳು: ರಂಗದವರೇ, ನೀವು ಹೇಳಿದ್ದು ರಾಜಕೀಯ ಒಲವಿನ ಸಂಸ್ಥೆಯ ಲೆಕ್ಕ. ಕಲೆಯ ಲೆಕ್ಕ ಬೇಕಾದರೆ ಮ್ಯೂನಿಕ್‌ನ ಬವೇರಿಯನ್ ಸ್ಟೇಟ್ ಒಪೆರಾ ನೋಡಿ. ಹುಕ್ ಮತ್ತು ರಸೂಲ್ 2011ರಲ್ಲಿ ಬರೆದರು. ಒಬ್ಬ ದಾನಿ 60,000 ಯೂರೋ ಆಗಲೇ ಕೊಟ್ಟಿದ್ದಾರೆ ಅಂತ ಸುಮ್ನೆ ತಿಳಿಸಿದ ಪತ್ರಕ್ಕೇ ಜನ ಜಾಸ್ತಿ ಕೊಟ್ಟರು. ಅದೇ ಹಣವನ್ನು ಮ್ಯಾಚಿಂಗ್ ಅಂದಾಗ ಕೈಯಿಂದ ಕೊಡುವುದು ಕಡಿಮೆಯಾಯಿತು. ನಾವು ಅದನ್ನೇ ಮಾಡಿದೆವು. ಷರತ್ತಿಲ್ಲದೆ ಮೊದಲು ಕೊಡಿ ಅಂತ ನಮ್ಮ ದಾನಿಗೆ ಕೇಳೋಕೆ ಏಳು ತಿಂಗಳು ಹಿಡಿಯಿತು. ಎರಡು ಸಲ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಮೂರನೇ ಸಲ ಪಿಯಾನೋದಲ್ಲಿ ತಂತಿಗೆ ಬಡಿಯುವ ಹ್ಯಾಮರ್, ಮುರಿದದ್ದೊಂದನ್ನು ಕೈಲಿ ಹಿಡಿದು ಹೋದೆ. ಅದನ್ನು ಮುಟ್ಟಿ ನೋಡಿ ಒಪ್ಪಿದರು. ಇನ್ನೊಂದು ಮಾತು. ರಂಗದವರ ದಾನಿ ಹೇಗಿದ್ದರೂ ಕೊಡುವವರೇ ಆಗಿದ್ದರಲ್ವಾ? ಹಾಗಿದ್ದಮೇಲೆ "ಗಡುವು ಮುಗಿದರೆ ಹಣ ಹೋಯಿತು" ಅಂತ ನೀವು ಜನರಿಗೆ ಬರೆದದ್ದು ಸುಳ್ಳು.

ರಂಗ ವಿಭಾಗ: ಸುಳ್ಳು ಅನ್ನೋ ಮಾತು ವಾಪಸ್ ತಗೊಳ್ಳಿ. ಗುರಿ ಮುಟ್ಟದಿದ್ದರೆ ಉಳಿದ ಹಣ ಬೇರೆ ಕಾಲೇಜಿಗೆ ಅಂತ ಅವರು ಬರೆದುಕೊಟ್ಟಿದ್ದರು. ಕಾಗದ ನನ್ನ ಹತ್ತಿರ ಇದೆ.

ಪ್ರಿಂಟ್‌ಮೇಕಿಂಗ್: ರಂಗಕ್ಕೆ ಬಂತು, ಸಂಗೀತಕ್ಕೆ ಬಂತು. ವೇದಿಕೆ ಇದ್ದವರಿಗೆ ದಾನಿಗಳು ಸಿಗುತ್ತಾರೆ. ನಮ್ಮ ಪ್ರೆಸ್ ರೋಲರ್ ಸವೆದು ಮೂರು ವರ್ಷ ಆಯಿತು, ಯಾರೂ ಕೇಳಿಲ್ಲ. ದಾನಿಯ ಹೆಸರು ಹಾಕಿಸೋಕೆ ಬಾಗಿಲೇ ಇಲ್ಲ ನಮ್ಮಲ್ಲಿ, ಕಾರಿಡಾರಿನಲ್ಲಿ ಕೂತಿದ್ದೇವೆ.

ಸಂಗೀತದವಳು: ನಾವು ಯಾರ ಹೆಸರನ್ನೂ ಹಾಕಿಲ್ಲ. ಅದನ್ನು ರಂಗದವರಿಗೆ ಹೇಳಿ.

ರಂಗ ವಿಭಾಗ: ಹೆಸರು ಹಾಕಿದರೆ ಏನು ತಪ್ಪು? ನಮ್ಮ ವೇದಿಕೆಯ ದೀಪ ಉರಿಯುತ್ತಿರೋದು ಆ ದಾನಿಯ ಹಣದಿಂದ.

ಕೇಳಿದವರು: ದಯವಿಟ್ಟು ಜಗಳ ಬೇಡ. 90 ದಿನ ಸಾಕಾ?

ಸೆರಾಮಿಕ್ಸ್ ಮೇಷ್ಟ್ರು: ದಿನ ಆಮೇಲೆ. ಒಪ್ಪಂದ ಕೈಗೆ ಬಂತಾ? "ಜಮಾ ಆದ" ಅಂತಿದೆಯಾ, "ಒಪ್ಪಿಕೊಂಡ" ಅಂತಿದೆಯಾ? ಆ ಸಾಲು ಇಲ್ಲಿ ಹಾಕಿ.