ಪದಚರ್ಚೆ: ‘ಪೈರೇಟ್ ಟ್ರೆಷರ್ ಮ್ಯಾಪ್’ಗೆ ಮಕ್ಕಳು ಓದುವಂಥ ಕನ್ನಡ ಬೇಕು (ತುರ್ತು)

ಕಡಲತಡಿ:
ನಮಸ್ಕಾರ. ಕಾರವಾರದಲ್ಲಿ ಮಕ್ಕಳ ಬೇಸಿಗೆ ಶಿಬಿರ. ಒಂದು ಮೇಜಿನಲ್ಲಿ ಟ್ರೆಷರ್ ಮ್ಯಾಪ್ ಮಾಡಿಸುತ್ತೇವೆ. ಬೋರ್ಡು ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. ‘ಕಡಲ್ಗಳ್ಳರ ನಿಧಿ ನಕ್ಷೆ’ ಎಂದು ಬರೆದಿದ್ದೇನೆ, ಸರಿಯಾ? ಕೆಳಗೆ ಸೂಚನೆ ಹೀಗಿದೆ: “ಅಂಚನ್ನು ಕತ್ತರಿಸಬೇಡಿ, ಕೈಯಲ್ಲೇ ಹರಿಯಿರಿ. ಕಾಗದ ಮುದ್ದೆ ಮಾಡಿ ಬಿಡಿಸಿ. ಆರಿದ ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ. ಅಂಚು ಸುಡಿ. ದ್ವೀಪ ಬಿಡಿಸಿ, ನಿಧಿ ಇರುವಲ್ಲಿ ಕೆಂಪು ... ಹಾಕಿ.” ಆ ಖಾಲಿ ಜಾಗಕ್ಕೆ ಪದ ಬೇಕು. × ಗುರುತಿಗೆ ಏನಂತೀರಿ?

ಶಾಸನಪ್ರಿಯ:
‘ನಿಧಿ’ ಸಾಲದು. ವಿಜಯನಗರದ ತಾಮ್ರಶಾಸನಗಳಲ್ಲಿ ಊರು ದತ್ತಿ ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಮುಂತಾಗಿ ಅಷ್ಟಭೋಗ, ಅಂದರೆ ಎಂಟು ಬಗೆಯ ಹಕ್ಕು, ಎಣಿಸುತ್ತಾರೆ. ನಿಧಿ, ನಿಕ್ಷೇಪ ಎರಡೂ ಬೇರೆ ಬೇರೆ. ಒಬ್ಬ ಇಟ್ಟು ಹೋದದ್ದು ನಿಕ್ಷೇಪ. ಅದು ಬೇಡವಾದರೆ ‘ನಿಧಾನ’ ಇದೆ. ಅಕ್ಕನ ವಚನದಲ್ಲಿ ನೆಲದ ಮರೆಯಲ್ಲಿರುವುದು ಅದೇ.

ಕರಡುತಿದ್ದುವವಳು:
‘ನಿಧಾನದ ನಕ್ಷೆ’ ಎಂದು ಬೋರ್ಡು ಹಾಕಿದರೆ ಮಕ್ಕಳು ಮೆಲ್ಲಗೆ ಮಾಡಬೇಕು ಅಂದುಕೊಳ್ಳುತ್ತಾರೆ, ಸರ್. ‘ನಿಕ್ಷೇಪ’ ಈಗ ಪೇಪರಿನಲ್ಲಿ ತೈಲಕ್ಕೆ, ಕಬ್ಬಿಣದ ಅದಿರಿಗೆ ಹೋಗಿಬಿಟ್ಟಿದೆ. ‘ನಿಧಿ’ ಇರಲಿ. ‘ಭವಿಷ್ಯ ನಿಧಿ’ ನೆನಪಾಗುವ ವಯಸ್ಸಲ್ಲ ಅವರದು.
‘ಅಂಚು ಸುಡಿ’ ಬೇಡ, ಪೂರ್ತಿ ಕಾಗದ ಸುಟ್ಟು ಕೂರುತ್ತಾರೆ. ಹಾಲು ಸೀಯುತ್ತದಲ್ಲ, ಆ ಪದ ಹಾಕಿ: ‘ಅಂಚು ಸೀಯಿಸಿ’. ಅದನ್ನೂ ದೊಡ್ಡವರೇ ಮಾಡಲಿ, ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ.

ಅಚ್ಚಗನ್ನಡಿಗ:
ನಿಧಿಯೂ ಬೇಡ, ನಕ್ಷೆಯೂ ಬೇಡ. ಆ ಮಹಾಪ್ರಾಣ ಯಾರ ಬಾಯಲ್ಲಿದೆ? ನಕ್ಷೆಯಂತೂ ಅರಬ್ಬಿಯಲ್ಲಿ ಹುಟ್ಟಿ ಪಾರಸಿ ಹಾದು ಬಂದದ್ದು. ‘ಹೂತ ಹೊನ್ನಿನ ತಿಟ್ಟ’. ತಿಟ್ಟ ಅಂದರೆ ಚಿತ್ರ. ಮುಗಿಯಿತು.

ಕರಡುತಿದ್ದುವವಳು:
ಓದಿದವರು ಹೊನ್ನಿನ ತಿಟ್ಟು, ಅಂದರೆ ಹೊನ್ನಿನ ದಿಬ್ಬ ಅಂದುಕೊಳ್ಳುತ್ತಾರೆ. ನಕ್ಷೆ ಎಲ್ಲಿಂದಾದರೂ ಬರಲಿ. ಹೊಲ ಅಳೆಸುವ ರೈತ ಗ್ರಾಮ ನಕ್ಷೆ ಕೊಡಿ ಅಂತಾನೇ ಹೊರತು ತಿಟ್ಟ ಕೇಳಲ್ಲ.

ಶಾಸನಪ್ರಿಯ:
‘ಕಡಲ್ಗಳ್ಳ’ ಮಾತ್ರ ಮುಟ್ಟಬೇಡಿ. ಆದೇಶ ಸಂಧಿ ಸರಿಯಾಗಿದೆ, ‘ಕಳ್ಳ’ದ ಕಕಾರ ಗಕಾರವಾಗಿದೆ. ‘ಕಡಲುಗಳ್ಳ’ ಎಂದು ಉಕಾರ ತುರುಕುವುದು ಸೋಮಾರಿತನ.

ಬಂದರುವಾಸಿ:
ಮಾರಾಯ್ರೆ, ‘ಲ್ಗ’ ಆದ ಕೂಡಲೇ ‘ಳ್ಳ’. ಆರು ವರ್ಷದ ಮಗು ಓದಬೇಕಾದ್ದು ಅದನ್ನ. ಉಕಾರ ಇರಲಿ ಬಿಡಿ. ಮತ್ತೆ ನಮ್ಮ ಕಡೆ ಹಿರಿಯರು ‘ನಕಾಶೆ’ ಅಂತಾರೆ. ಬೋರ್ಡು ನಿಲ್ಲೋದು ಇಲ್ಲಿ, ಬೆಂಗಳೂರಲ್ಲಲ್ಲ.
ಕತೆ ಬೇಕಿದ್ರೆ ಇಲ್ಲೇ ಇದೆ. ಹಡಗಿನ ಕಪ್ತಾನ ವಿಲಿಯಂ ಕಿಡ್ 1697ರಲ್ಲಿ ಸೌದೆ, ನೀರು ತುಂಬಿಸಿಕೊಳ್ಳಲು ಕಾರವಾರಕ್ಕೆ ಬಂದಿದ್ದ. ಇಂಗ್ಲಿಷರ ಕೋಠಿ, ಅಂದ್ರೆ ವ್ಯಾಪಾರದ ಮಳಿಗೆ, ಇಲ್ಲಿತ್ತು. ಅವನು ಹೊರಟದ್ದೇ ಕಡಲುಗಳ್ಳರನ್ನು ಹಿಡಿಯೋಕೆ, ರಾಜನ ಪರವಾನಗಿ ಇಟ್ಟುಕೊಂಡು! 1701ರಲ್ಲಿ ಲಂಡನ್ನಿನಲ್ಲಿ ಅವನನ್ನೇ ಕಡಲುಗಳ್ಳ ಅಂತ ಗಲ್ಲಿಗೇರಿಸಿದರು. ಹೊನ್ನು ಹೂತದ್ದು ಮಾತ್ರ ಅಮೆರಿಕದ ಗಾರ್ಡಿನರ್ಸ್ ದ್ವೀಪದಲ್ಲಿ, 1699ರಲ್ಲಿ. ಅದೇ ವರ್ಷ ಅಧಿಕಾರಿಗಳು ಅಗೆದು ಒಯ್ದರು. ಹಾಗಾಗಿ ಮಕ್ಕಳು ಶಿಬಿರ ಬಿಟ್ಟು ಬೀಚಿನಲ್ಲಿ ಅಗೆಯೋದು ಬೇಡ.

ಕಡಲತಡಿ:
ಎಲ್ಲ ಸರಿ, × ಬಗ್ಗೆ ಯಾರೂ ಹೇಳಲೇ ಇಲ್ಲ. ‘ತಪ್ಪು ಗುರುತು’ ಅಂತ ಬರೆಯಲಾ?

ಕರಡುತಿದ್ದುವವಳು:
ಅಯ್ಯೋ ಬೇಡ. ಅದು ಮೇಷ್ಟ್ರು ನೋಟ್‌ಬುಕ್ಕಿಗೆ ಹಾಕೋದು. ಮಕ್ಕಳ ಬಾಯಲ್ಲಿರುವುದು ‘ಇಂಟು ಮಾರ್ಕು’. ಅದನ್ನೇ ಬರೆಯಿರಿ.

ಅಚ್ಚಗನ್ನಡಿಗ:
‘ಕತ್ತರಿ ಗುರುತು’ ಎನ್ನಲು ಏನು ರೋಗ?

ಬಂದರುವಾಸಿ:
ಅಂಚನ್ನು ಕತ್ತರಿಸಬೇಡಿ ಅಂತ ಮೇಲೆ ಹೇಳಿ, ಕೆಳಗೆ ಕತ್ತರಿ ಹಾಕಿ ಅನ್ನೋದಾ?

ಕಡಲತಡಿ:
‘ಕಡಲುಗಳ್ಳರ ನಿಧಿ ನಕಾಶೆ’. ‘ಅಂಚು ಸೀಯಿಸಿ’ಗೆ ‘ದೊಡ್ಡವರೇ ಮಾಡಬೇಕು’ ಅಂತ ಸೇರಿಸಿದೆ. ‘ಕೆಂಪು ಇಂಟು ಮಾರ್ಕು ಹಾಕಿ.’ ಪ್ರಿಂಟಿಗೆ ಕಳಿಸಿಯಾಯಿತು. ಎಲ್ಲರಿಗೂ ಥ್ಯಾಂಕ್ಸ್.

ಅಚ್ಚಗನ್ನಡಿಗ:
ಚಹಾ, ಡಿಕಾಕ್ಷನ್, ನಕಾಶೆ, ಇಂಟು, ಮಾರ್ಕು. ಕೊನೆಗೆ ಥ್ಯಾಂಕ್ಸ್ ಬೇರೆ. ಎರವಲಿಗೆ ಮಿತಿ ಎಲ್ಲಿ ಎಂದು ಬೇರೆ ಚರ್ಚೆ ಶುರು ಮಾಡುತ್ತೇನೆ.

ಕರಡುತಿದ್ದುವವಳು:
ಹೋದ ತಿಂಗಳದ್ದೇ ಇನ್ನೂ ಮುಗಿದಿಲ್ಲ, ಸ್ವಾಮಿ.