ಏರ್ ಗ್ರೀಸ್ ಪಂಪ್ ಓಡುತ್ತದೆ, ನಿಪ್ಪಲ್‌ಗೆ ಗ್ರೀಸ್ ಇಳಿಯಲ್ಲ. ಸೀಲ್ ಕಿಟ್ ಹಾಕಲಾ, ಹೊಸದೇ ತಗೊಳ್ಳಲಾ?

ಸಂಡೂರ್ ರೋಡ್ ಶೆಡ್:

ಎಲ್ಲರಿಗೂ ನಮಸ್ಕಾರ. ಹೊಸಪೇಟೆ ಹತ್ತಿರ ಸಂಡೂರು ರಸ್ತೆಯಲ್ಲಿ ನನ್ನದೊಂದು ವಾಟರ್ ಸರ್ವಿಸ್ ಮತ್ತು ಗ್ರೀಸಿಂಗ್ ಶೆಡ್ ಇದೆ. ಬರುವುದೆಲ್ಲ ಅದಿರು ಟಿಪ್ಪರ್‌ಗಳೇ. ಒಂದು ಗಾಡಿ ತೊಳೆದರೆ ಶೆಡ್ ಮುಂದೆ ಕೆಂಪು ಹೊಳೆ.

ಪಂಪ್ 50:1, 18 ಕೆ.ಜಿ. ಬಕೆಟ್ ಮೇಲೆ ಕೂರುವಂಥದ್ದು. ತಂದು ನಾಲ್ಕು ವರ್ಷ ಆಯಿತು. ಇವತ್ತಿನವರೆಗೆ ಒಂದು ಸಲವೂ ಬಿಚ್ಚಿಲ್ಲ, ಅದು ನನ್ನದೇ ತಪ್ಪು, ಬೈಯಬೇಡಿ. ಹದಿನೈದು ದಿನದಿಂದ ಕಾಟ ಶುರುವಾಗಿದೆ. ಗನ್ ಒತ್ತಿದರೆ ಒಂದು ಹೊಡೆತ ನಿಧಾನಕ್ಕೆ ಹೋಗುತ್ತದೆ, ಇನ್ನೊಂದು ದಡಕ್ ಅಂತ ಬಿದ್ದುಬಿಡುತ್ತದೆ. ಟಕ್... ದಡಕ್. ಟಕ್... ದಡಕ್. ಮೊದಲು ಎರಡೂ ಸಮ ಇರುತ್ತಿದ್ದವು. ರಟ್ಟಿನ ಮೇಲೆ ಬಿಟ್ಟರೆ ಗ್ರೀಸ್ ಬಿಟ್ಟು ಬಿಟ್ಟು ಬರುತ್ತದೆ. ಕಿಂಗ್ ಪಿನ್ (ಮುಂದಿನ ಚಕ್ರ ಹೊರಳುವ ಕೀಲು) ನಿಪ್ಪಲ್‌ಗೆ, ಅಂದರೆ ಗ್ರೀಸ್ ತುಂಬುವ ಸಣ್ಣ ಮೂತಿಗೆ ಹಿಡಿದರೆ ಒಂದು ಚೂರೂ ಒಳಗೆ ಹೋಗಲ್ಲ. ಗನ್ ಬಿಟ್ಟ ಮೇಲೂ ಎರಡು ಮೂರು ನಿಮಿಷಕ್ಕೊಮ್ಮೆ ತಾನಾಗೇ ಟಕ್ ಅನ್ನುತ್ತದೆ. ರಾತ್ರಿ ಒಬ್ಬನೇ ಕೂತಾಗ ಯಾರೋ ಬಾಗಿಲು ತಟ್ಟಿದ ಹಾಗೆ.

ಕಂಪ್ರೆಸರ್ 7 ಕೆ.ಜಿ. ಗಾಳಿ ಒತ್ತಡ ಕೊಡುತ್ತದೆ. ಅಂಗಡಿಯವರನ್ನು ಕೇಳಿದರೆ "ಸವೆದುಹೋಗಿದೆ, ಹೊಸದು ತಗೊಳ್ಳಿ" ಅಂದರು. ಬಿಚ್ಚಿ ನೋಡಲೇ ಇಲ್ಲ! ಯಾರಿಗಾದರೂ ಇದರ ಅನುಭವ ಇದ್ದರೆ ಹೇಳಿ.

ರಾತ್ರಿ ಪಾಳಿ:

ಅಣ್ಣ, ರೆಗ್ಯುಲೇಟರ್ ತಿರುಗಿಸಿ 9 ಕೆ.ಜಿ.ಗೆ ಇಡಿ. ಎಂಥ ನಿಪ್ಪಲ್ ಆದರೂ ಬಾಯಿ ಬಿಡುತ್ತದೆ. ನಮ್ಮ ಕಡೆ ಹಾಗೇ ಮಾಡುತ್ತೇವೆ.

ಪೀಣ್ಯದ ಹಳೇ ಪಾನಾ:

ಮೇಲಿನ ತಮ್ಮ ಹೇಳಿದ್ದನ್ನು ದಯವಿಟ್ಟು ಮಾಡಬೇಡಿ. 50:1 ಅಂದರೆ ಗಾಳಿ 1 ಕೆ.ಜಿ. ಒತ್ತಿದರೆ ಗ್ರೀಸ್ ಕಡೆ 50 ಕೆ.ಜಿ. ಒತ್ತಡ. ಮೇಲೆ ಅಗಲವಾದ ಪಿಸ್ಟನ್, ಕೆಳಗೆ ಸಣ್ಣ ಪ್ಲಂಜರ್, ಅಷ್ಟೇ ಗುಟ್ಟು. 7ಕ್ಕೆ ಲೆಕ್ಕದಲ್ಲಿ 350 ಆಯಿತು. 9ಕ್ಕೆ ಇಟ್ಟರೆ 450. ಹೋಸ್ ಮೇಲೆ ಅಚ್ಚಾಗಿರುವ ಮಿತಿ ಯಾರಾದರೂ ಓದುತ್ತಾರಾ? ನಾಲ್ಕು ವರ್ಷದ ಹೋಸ್ ಅದು.

ಈಗ ಶೆಡ್‌ನವರಿಗೆ. ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷ ಇದೇ ಪಂಪ್‌ಗಳನ್ನು ಬಿಚ್ಚಿ ಕಟ್ಟಿದ್ದೇನೆ. ನೀವು ಸದ್ದನ್ನು ಸರಿಯಾಗಿ ಬರೆದಿರುವುದರಿಂದ ಅರ್ಧ ಕೆಲಸ ಇಲ್ಲೇ ಮುಗಿಯಿತು. ಒಳ್ಳೇ ಪಂಪ್ ಏನು ಮಾಡುತ್ತದೆ? ಗನ್ ಬಿಟ್ಟ ತಕ್ಷಣ ಗ್ರೀಸ್ ಒತ್ತಡ ಏರಿ, ಗಾಳಿಗೆ ಸರಿಸಮ ಆಗಿ, ಪಿಸ್ಟನ್ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಮೇಲೆ ಹೋಗುವಾಗಲೂ ನಿಲ್ಲಬೇಕು, ಕೆಳಗೆ ಬರುವಾಗಲೂ ನಿಲ್ಲಬೇಕು. ಕೆಳಗೆ ಬರುವಾಗ ದಡಕ್ ಅಂತ ಬಿದ್ದರೆ ತಳದ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ. ಒಳಗೆ ಬಂದ ಗ್ರೀಸ್ ವಾಪಸ್ ಬಕೆಟ್‌ಗೇ ಹೋಗುತ್ತಿದೆ. ಮೇಲೆ ಹೋಗುವಾಗ ಜಾರಿದರೆ ಮೇಲಿನ ವಾಲ್ವ್ ಅಥವಾ ಪ್ಲಂಜರ್ ಸೀಲ್. ಎರಡೂ ಕಡೆ ನಿಲ್ಲದೆ ಟಕಟಕ ಓಡಿದರೆ ಹೆಚ್ಚಿನ ಸಲ ಪಂಪ್ ಬಾಯಿಗೆ ಗ್ರೀಸೇ ಸಿಗುತ್ತಿಲ್ಲ, ಗಾಳಿ ಎಳೆಯುತ್ತಿದೆ ಅಂತ.

ನಿಮ್ಮದು ಯಾವ ಕಡೆ ಬೀಳುತ್ತದೆ ನೋಡಿ. ಗಾಳಿ 3 ಕೆ.ಜಿ.ಗೆ ಇಳಿಸಿ, ಗನ್ ಮೆಲ್ಲಗೆ ಒತ್ತುತ್ತಾ ಗಮನಿಸಿ. ಕೆಳಗೆ ಬೀಳುತ್ತಿದ್ದರೆ ಹೊಸ ಪಂಪ್ ಮಾತೇ ಬೇಡ.

ಬಿಚ್ಚುವ ಮೊದಲು ಗಾಳಿ ಬಂದ್ ಮಾಡಿ, ಗಾಳಿ ಪೈಪ್ ಕಳಚಿ, ಆಮೇಲೆ ಗನ್ ಒತ್ತಿ ಒಳಗಿರುವ ಒತ್ತಡವನ್ನು ಬಕೆಟ್‌ಗೆ ಬಿಟ್ಟುಬಿಡಿ. ಗಾಳಿ ತೆಗೆದರೂ ಹೋಸ್ ಒಳಗೆ ಒತ್ತಡ ಕೂತೇ ಇರುತ್ತದೆ, ಇದನ್ನು ಮರೆಯುವವರೇ ಜಾಸ್ತಿ. ಕೆಳಗಿನ ಕೊಳವೆಯನ್ನು ವೈಸ್‌ನಲ್ಲಿ ಹಿಡಿಯುವಾಗ ಎರಡು ಕಡೆ ಮರದ ತುಂಡು ಇಡಿ. ಬಿಗಿ ಮಾಡಿದರೆ ಕೊಳವೆ ಚಪ್ಪಟೆಯಾಗುತ್ತದೆ. ತುದಿ ಬಿಚ್ಚಿದರೆ ವಾಲ್ವ್ ಸಿಗುತ್ತದೆ, ಕೆಲವು ಮಾಡೆಲ್‌ನಲ್ಲಿ ಸ್ಟೀಲ್ ಬಾಲ್, ಕೆಲವದರಲ್ಲಿ ಜಾರುವ ಬಿಲ್ಲೆ. ಬಿಚ್ಚಿದ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಜೋಡಿಸಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಡೀಸೆಲ್‌ನಲ್ಲಿ ತೊಳೆಯಿರಿ. ಥಿನ್ನರ್ ಮುಟ್ಟಬೇಡಿ, ಓ ರಿಂಗ್ ಉಬ್ಬಿ ಹಾಳಾಗುತ್ತದೆ.

ಮೇಲಿನ ಏರ್ ಮೋಟಾರ್ ಕಡೆ ಕೈ ಹಾಕಬೇಡಿ. ಪಂಪ್ ನಿಂತಿರುವಾಗ ಸೈಲೆನ್ಸರ್‌ನಿಂದ ಸುಯ್ ಅಂತ ಗಾಳಿ ಬರುತ್ತಿದ್ದರೆ ಮಾತ್ರ ಅದರ ಸೀಲ್ ಹೋಗಿದೆ. ಬರುತ್ತಿಲ್ಲ ಅಂದರೆ ಸುಮ್ನೆ ಯಾಕೆ?

ಇನ್ನೊಂದು. ಗನ್ ತುದಿಯ ಕಪ್ಲರ್ ನೋಡಿದ್ದೀರಾ? ಅದರ ಹಲ್ಲು ಸವೆದರೆ ನಿಪ್ಪಲ್ ಹಿಡಿಯಲ್ಲ, ಗ್ರೀಸ್ ಪಕ್ಕದಿಂದ ಚಿಮ್ಮುತ್ತದೆ, ಬೈಗುಳ ಮಾತ್ರ ಪಂಪ್‌ಗೆ. ಒಂದು ಹೊಸ ನಿಪ್ಪಲ್‌ಗೆ ಹಿಡಿದು ಪರೀಕ್ಷೆ ಮಾಡಿ. ನಿಮ್ಮ ಟಿಪ್ಪರ್‌ಗಳ ನಿಪ್ಪಲ್‌ಗಳಲ್ಲಿ ಅದಿರು ಧೂಳು ಕಲ್ಲಾಗಿ ಕೂತಿರುತ್ತದೆ.

ಬಂದರು ಗಾಡಿ:

ಪಾನಾ ಸರ್ ಹೇಳಿದ ಆ ಒತ್ತಡ ಬಿಡುವ ಮಾತಿಗೆ ನಾನೂ ಒಂದು ಸೇರಿಸುತ್ತೇನೆ ಮಾರಾಯ್ರೆ. ನಾನು ಮಂಗಳೂರಿನವ. ನಾನು ಕೆಲಸ ಮಾಡುತ್ತಿದ್ದ ಕಡೆ ಒಬ್ಬ ಹುಡುಗ ಹೋಸ್ ಎಲ್ಲಿ ಸೋರುತ್ತದೆ ಅಂತ ಬೆರಳಿಟ್ಟು ಸವರಿ ನೋಡಿದ. ತೋರುಬೆರಳಲ್ಲಿ ಇರುವೆ ಕಚ್ಚಿದಷ್ಟು ಚುಕ್ಕೆ. ರಕ್ತವೂ ಇಲ್ಲ. ಅವ ನಗಾಡಿಕೊಂಡೇ ಊಟ ಮಾಡಿದ. ಸಂಜೆಗೆ ಬೆರಳು ಬದನೆಕಾಯಿ ಹಾಗೆ ಊದಿತು. ಚರ್ಮದ ಒಳಗೆ ಗ್ರೀಸ್ ಹೊಕ್ಕಿತ್ತು. ಆಪರೇಷನ್ ಮಾಡಿ ಬೆರಳು ಸೀಳಿ ತೊಳೆದರು. ಬೆರಳು ಉಳಿಯಿತು, ಆದರೆ ಈಗಲೂ ಪೂರ್ತಿ ಮಡಚಲು ಬರುವುದಿಲ್ಲ.

ಸೋರಿಕೆ ನೋಡಲು ರಟ್ಟಿನ ತುಂಡು ಹಿಡಿಯಿರಿ, ಕೈ ಅಲ್ಲ. ಒಂದು ವೇಳೆ ತಾಗಿದರೆ ನೋವು ಬರಲಿ ಅಂತ ಕಾಯಬೇಡಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ "ಪ್ರೆಶರ್ ಗ್ರೀಸ್ ಒಳಗೆ ಹೋಗಿದೆ" ಅಂತಲೇ ಹೇಳಿ. ಇಲ್ಲದಿದ್ದರೆ ಬ್ಯಾಂಡೇಜ್ ಹಾಕಿ ಕಳಿಸುತ್ತಾರೆ.

ರಾತ್ರಿ ಪಾಳಿ:

ಅಷ್ಟು ಗೊತ್ತಿರಲಿಲ್ಲ. ನಮ್ಮದನ್ನೂ ಇವತ್ತೇ 6ಕ್ಕೆ ಇಳಿಸುತ್ತೇನೆ.

ಸಂಡೂರ್ ರೋಡ್ ಶೆಡ್:

ಪಾನಾ ಸರ್, ಭಾನುವಾರ ಬಿಚ್ಚಿದೆ. ಬೀಳುತ್ತಿದ್ದದ್ದು ಕೆಳಗೇ.

ತುದಿ ಬಿಚ್ಚಲು ಒಂದು ಗಂಟೆ ಬೇಕಾಯಿತು, ಥ್ರೆಡ್‌ನಲ್ಲಿ ಗ್ರೀಸ್ ಒಣಗಿ ಅರಗಿನಂತೆ ಆಗಿತ್ತು. ನಮ್ಮದರಲ್ಲಿ ಬಾಲ್ ಇದೆ. ಅದನ್ನು ಅಂಗೈಗೆ ಹಾಕಿಕೊಂಡು ನೋಡಿದರೆ ಏನೂ ಆಗಿಲ್ಲ, ಕನ್ನಡಿ ಹಾಗಿದೆ. ಆದರೆ ಅದು ಕೂರುವ ಸೀಟಿನ ಅಂಚಿಗೆ ಒಂದು ನೀಲಿ ದಾರ ಸುತ್ತಿಕೊಂಡಿತ್ತು. ಕೈ ಒರೆಸುವ ಬನಿಯನ್ ವೇಸ್ಟ್ ದಾರ! ಅದರ ಸುತ್ತ ಕೆಂಪು ಮರಳು ಅಂಟಿ ಒಂದು ಸಣ್ಣ ಮಣಿಯಂತೆ ಆಗಿತ್ತು. ಬೆರಳಲ್ಲಿ ಉಜ್ಜಿದರೆ ಕರ ಕರ ಅನ್ನುತ್ತಿತ್ತು. ಇಷ್ಟಕ್ಕೆ ಹೊಸ ಪಂಪ್ ಕೊಳ್ಳಲು ಹೊರಟಿದ್ದೆ.

ಪ್ಲಂಜರ್ ಮೇಲೆ ಎರಡು ಗೀರು ಇವೆ, ಉಗುರಿಗೆ ಸಿಕ್ಕಿಯೂ ಸಿಗದ ಹಾಗೆ. ಸದ್ಯಕ್ಕೆ ಹಾಗೇ ಬಿಟ್ಟೆ. ಸೀಲ್ ಕಿಟ್ ತರಿಸಿ ಹಾಕಿದೆ, 1,800 ರೂಪಾಯಿ ಆಯಿತು. ಈಗ ಟಕ್ ಟಕ್ ಸಮ ಬರುತ್ತಿದೆ. ರಾತ್ರಿ ಬಾಗಿಲು ತಟ್ಟುತ್ತಿದ್ದದ್ದು ಪಂಪ್ ಅಲ್ಲವೇ ಅಲ್ಲ, ಗನ್ ಹತ್ತಿರದ ಸ್ವಿವೆಲ್, ಅಂದರೆ ಹೋಸ್ ತಿರುಗುವ ಜೋಡಣೆ. ರಟ್ಟು ಹಿಡಿದೇ ನೋಡಿದೆ ಬಂದರು ಅವರೇ, ಬೆರಳಲ್ಲ. ಕೂದಲೆಳೆಯಷ್ಟು ಜಿನುಗುತ್ತಿತ್ತು, ಬದಲಾಯಿಸಿದೆ.

ಈಗ ಅಸಲು ವಿಷಯ. ಆ ದಾರ ಒಳಗೆ ಹೋದದ್ದು ಹೇಗೆ ಅಂತ ಹುಡುಗನನ್ನು ಕೂರಿಸಿ ಕೇಳಿದೆ. ಬಕೆಟ್ ಬದಲಿಸುವಾಗ ಪಂಪ್ ಎತ್ತಿ ನೆಲದ ಮೇಲೆ ಮಲಗಿಸುತ್ತಾನಂತೆ. ಆಮೇಲೆ ಕೆಂಪಾದ ತುದಿಯನ್ನು ವೇಸ್ಟ್‌ನಲ್ಲಿ ಒರೆಸಿ ಹೊಸ ಬಕೆಟ್‌ಗೆ ಇಳಿಸುತ್ತಾನಂತೆ. ಅವನ ಪ್ರಕಾರ ಅದೇ ಸ್ವಚ್ಛತೆ. ಗ್ರೀಸ್ ಮೇಲೆ ಕೂರುವ ಫಾಲೋವರ್ ಪ್ಲೇಟ್ ಎಲ್ಲಿ ಅಂದರೆ ಅಟ್ಟದಲ್ಲಿ ಸಿಕ್ಕಿತು, ಅದರ ಮೇಲೆ ಚಹಾ ಲೋಟ ಇಡುತ್ತಿದ್ದರು. ಅವನನ್ನು ಬೈಯಲು ಬಾಯಿ ಬರಲಿಲ್ಲ, ಆ ಲೋಟಗಳಲ್ಲಿ ಒಂದು ನನ್ನದೇ.

ಪೀಣ್ಯದ ಹಳೇ ಪಾನಾ:

ಲೋಟದ ತಟ್ಟೆ ಮಾಡಿದ್ದಾರಲ್ಲ, ಚೆನ್ನಾಗಿದೆ! ಒಂದು ಕಡೆ ಅದನ್ನು ಕತ್ತರಿಸಿ ಡ್ರಮ್ ಮುಚ್ಚಳಕ್ಕೆ ತೇಪೆ ಹಾಕಿದ್ದನ್ನೂ ನೋಡಿದ್ದೇನೆ.

ಆ ಪ್ಲೇಟ್ ಇಲ್ಲದಿದ್ದರೆ ಕೊಳವೆಯ ಸುತ್ತ ಗ್ರೀಸ್‌ನಲ್ಲಿ ಬಾವಿ ಬೀಳುತ್ತದೆ. ಬದಿಯಲ್ಲಿ ಅರ್ಧ ಬಕೆಟ್ ಗ್ರೀಸ್ ಅಂಟಿಕೊಂಡಿದ್ದರೂ ನಡುವೆ ಪಂಪ್ ಗಾಳಿ ಕುಡಿಯುತ್ತಿರುತ್ತದೆ. ನಂಬರ್ 3 ಗ್ರೀಸ್ ಆದರೆ ಇನ್ನೂ ಕಷ್ಟ, ನಂಬರ್ 2ಕ್ಕಿಂತ ಗಟ್ಟಿ, ತಾನಾಗೇ ಜಾರಿ ನಡುವೆ ಬರಲ್ಲ. ಚಳಿಗಾಲದ ಬೆಳಿಗ್ಗೆ ಕೇಳಲೇಬೇಡಿ. ಪ್ಲೇಟ್ ಕೂರಿಸುವಾಗ ನಡುವಿನ ತೂತಿನಿಂದ ಗ್ರೀಸ್ ಸ್ವಲ್ಪ ಉಕ್ಕಿ ಬರುವ ತನಕ ಒತ್ತಿ, ಕೆಳಗಿನ ಗಾಳಿ ಹೋಗುತ್ತದೆ. ಆಮೇಲೆ ಪಂಪ್ ಇಳಿಸಿ. ಮೊದಲ ಎರಡು ನಿಮಿಷ 2 ಕೆ.ಜಿ. ಗಾಳಿಯಲ್ಲಿ, ಗನ್ ಬಕೆಟ್‌ಗೆ ಹಿಡಿದು, ಪಟ್ ಪಟ್ ಅನ್ನುವುದು ನಿಲ್ಲುವವರೆಗೆ ಓಡಿಸಿ.

ಬಕೆಟ್ ಬದಲಿಸುವಾಗ ಹಿಂದಿನ ಗ್ರೀಸ್ ಯಾವುದು ನೋಡಿಕೊಳ್ಳಿ. ಲಿಥಿಯಂ ಗ್ರೀಸ್ ಇರುವ ಪಂಪ್‌ಗೆ ಬೇರೆ ಜಾತಿಯದು ತುಂಬಿದರೆ ಕೆಲವು ಜೋಡಿ ಹೊಂದುವುದಿಲ್ಲ, ತೆಳ್ಳಗೆ ನೀರಾಗಿ ಹರಿದುಬಿಡುತ್ತವೆ. ಬಣ್ಣ ನೋಡಿ ತೀರ್ಮಾನ ಬೇಡ, ಬಣ್ಣ ಕಂಪನಿ ಹಾಕಿದ್ದು.

ಗಾಳಿ ಲೈನ್‌ನ ಫಿಲ್ಟರ್ ಬಟ್ಟಲಲ್ಲಿ ನೀರು ಎಷ್ಟಿದೆ?

ಸಂಡೂರ್ ರೋಡ್ ಶೆಡ್:

ಈಗ ಹೋಗಿ ನೋಡಿ ಬಂದೆ ಸರ್. ಮುಕ್ಕಾಲು ಬಟ್ಟಲು. ಚಹಾ ಬಣ್ಣದ್ದು. ಕಂಪ್ರೆಸರ್ ಟ್ಯಾಂಕ್ ತಳದ ಕಾಕ್ ತೆಗೆದರೆ ಅರ್ಧ ಬಿಂದಿಗೆ ಬಂತು.

ಪೀಣ್ಯದ ಹಳೇ ಪಾನಾ:

ಇಷ್ಟು ನೀರು ಕುಡಿದೂ ಏರ್ ಮೋಟಾರ್ ಓಡುತ್ತಿದೆ ಅಂದರೆ ನಿಮ್ಮ ಪುಣ್ಯ. ದಿನಾ ಬೆಳಿಗ್ಗೆ ಶೆಟರ್ ಎತ್ತಿದ ಕೂಡಲೇ ಎರಡೂ ಕಾಕ್ ಬಿಡಿ. ಗಾಳಿ ಲೈನ್‌ಗೆ ಎಣ್ಣೆ ಹನಿಸುವ ಲೂಬ್ರಿಕೇಟರ್ ಇದ್ದರೆ ಅದಕ್ಕೆ ತೆಳ್ಳನೆ 32 ನಂಬರ್ ಎಣ್ಣೆ ಹಾಕಿ, ಇಂಜಿನ್ ಆಯಿಲ್ ಸುರಿಯಬೇಡಿ.

ಸಂಡೂರ್ ರೋಡ್ ಶೆಡ್:

ಸರಿ ಸರ್. ಇನ್ನೊಂದು ಮಾಡಿದ್ದೇನೆ. ಶೆಡ್ ತೊಲೆಗೆ ಒಂದು ಕೊಕ್ಕೆ ಹಾಕಿ ಹಳೇ ಟ್ಯೂಬ್ ಕಟ್ಟಿದ್ದೇನೆ. ಬಕೆಟ್ ಬದಲಿಸುವಾಗ ಪಂಪ್ ಅದಕ್ಕೇ ನೇತು ಹಾಕಬೇಕು, ನೆಲ ಮುಟ್ಟಬಾರದು. ತುದಿಗೆ ಪ್ಲಾಸ್ಟಿಕ್ ಕವರ್. ಹುಡುಗ ಚಹಾ ಲೋಟಕ್ಕೆ ಬೇರೆ ತಟ್ಟೆ ಕೇಳುತ್ತಿದ್ದಾನೆ.