ವೆಸ್ಟರ್‌ಬೋರ್ಕ್‌ಗೆ ಮಗನನ್ನು ಕಳಿಸಬೇಕಾ ಅಂತ ಕೇಳಿದ ತಾಯಿಗೆ

ಮೊನ್ನೆ ನೀವು ನಮ್ಮ ನೆದರ್‌ಲ್ಯಾಂಡ್ಸ್ ಕನ್ನಡಿಗರ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಎರಡು ಸಾಲು ಬರೆದು ಮುಗಿಸೋಣ ಅಂತ ಕೂತೆ. ಆಗಲಿಲ್ಲ. ಮಗ ಗ್ರೂಪ್ 8ರಲ್ಲಿ, ಅಂದರೆ ಪ್ರಾಥಮಿಕ ಶಾಲೆಯ ಕೊನೆಯ ವರ್ಷದಲ್ಲಿದ್ದಾನೆ, ಎರಡನೇ ಮಹಾಯುದ್ಧದಲ್ಲಿ ಇಲ್ಲಿನ ಯಹೂದಿಗಳನ್ನು ಕೂಡಿಹಾಕಿ ನಾಜಿಗಳ ಸಾವಿನ ಕ್ಯಾಂಪುಗಳಿಗೆ ಸಾಗಿಸುತ್ತಿದ್ದ ವೆಸ್ಟರ್‌ಬೋರ್ಕ್ ಕ್ಯಾಂಪನ್ನು ಶಾಲೆಯವರು ತೋರಿಸಲು ಕರೆದುಕೊಂಡು ಹೋಗುತ್ತಾರೆ, ಇನ್ನೂ ಹನ್ನೊಂದು ವರ್ಷ, ರಾತ್ರಿ ಹೆದರಿಕೊಂಡರೆ ಏನು ಗತಿ ಅಂತ ಕೇಳಿದ್ದೀರಿ. ಕಳಿಸಿ. ನನ್ನ ಉತ್ತರ ಅಷ್ಟೇ. ಯಾಕೆ ಅನ್ನೋದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ನಾವಿರುವುದು ಆಮ್ಸ್ಟರ್‌ಡ್ಯಾಮ್‌ನ ರಿವಿರೆನ್‌ಬ್ಯೂರ್ಟ್‌ನಲ್ಲಿ. ದಿನಚರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಕುಟುಂಬ ನಾಜಿಗಳಿಂದ ಅಡಗಿಕೊಳ್ಳಲು ಹೋಗುವ ಮೊದಲು ಬಾಡಿಗೆಗಿದ್ದ ಮೆರ್ವೇಡೆಪ್ಲೇನ್ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಬಂದ ಹೊಸದರಲ್ಲಿ ಎರಡು ವರ್ಷ ದಿನಾ ಓಡಾಡಿದರೂ ಫುಟ್‌ಪಾತಿನಲ್ಲಿದ್ದ ಹಿತ್ತಾಳೆ ಕಲ್ಲುಗಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂಗೈ ಅಗಲದ ಚೌಕಗಳು. ಕೆಲವು ಮನೆಗಳ ಮುಂದೆ ಒಂದು, ಕೆಲವು ಕಡೆ ನಾಲ್ಕೈದು. ನಾಜಿಗಳು ಹಿಡಿದೊಯ್ದವರ ನೆನಪಿಗೆ ಅವರಿದ್ದ ಮನೆಯ ಮುಂದೆ ಕೂರಿಸುವ ಕಲ್ಲು, ಎಡವುಗಲ್ಲು ಅಂತ ಇವಕ್ಕೆ ಹೆಸರು. ಗುಂಟರ್ ಡೆಮ್ನಿಗ್ ಅನ್ನುವ ಜರ್ಮನ್ ಕಲಾವಿದರು ಶುರು ಮಾಡಿದ್ದು. ಮಗಳು ಗ್ರೂಪ್ 7ರಲ್ಲಿದ್ದಾಗ ಏಪ್ರಿಲ್ ಕೊನೆಯಲ್ಲಿ ಒಂದು ದಿನ ಬಂದು, ನಾಳೆ ಕ್ಲಾಸಿನವರೆಲ್ಲ ಕಲ್ಲು ಉಜ್ಜಲು ಹೋಗುತ್ತೇವೆ, ಹಿತ್ತಾಳೆ ಹೇಗಮ್ಮ ಬೆಳಗೋದು ಅಂದಳು. ಹಿತ್ತಾಳೆ ಅಂದ ತಕ್ಷಣ ನನ್ನ ಕೈ ಹುಣಸೆಹಣ್ಣಿನ ಡಬ್ಬಿಗೆ ಹೋಯಿತು. ಒಂದು ಉಂಡೆ ನೆನೆಸಿ ಪುಟ್ಟ ಬಾಟಲಿಗೆ ಹಾಕಿ, ಒಂದು ಹಳೇ ಟೂತ್‌ಬ್ರಷ್ ಕೊಟ್ಟು, ನಾನೂ ಜೊತೆಗೆ ಹೋದೆ.

ಅವಳ ಪಾಲಿಗೆ ಬಂದ ಕಲ್ಲು ಕಪ್ಪಗಾಗಿ ಹೋಗಿತ್ತು. ಮಂಡಿಯೂರಿ ಕೂತು, ಮನೆಯಲ್ಲಿ ದೀಪ ಬೆಳಗುವ ಹಾಗೇ ಉಜ್ಜಿದಳು. ಒಂದೊಂದೇ ಅಕ್ಷರ ಎದ್ದು ಬಂತು. 'ಇಲ್ಲಿ ವಾಸವಾಗಿದ್ದಳು' ಅಂತ ಮೊದಲ ಸಾಲು. ಆಮೇಲೆ ಹೆಸರು. ಹುಟ್ಟಿದ ವರ್ಷ 1932. ಕೊಂದದ್ದು 1943ರಲ್ಲಿ, ಪೋಲೆಂಡಿನ ಸೋಬಿಬೋರ್ ಸಾವಿನ ಕ್ಯಾಂಪಿನಲ್ಲಿ. ಮಗಳು ಬೆರಳು ಮಡಿಸಿ ಲೆಕ್ಕ ಹಾಕಿ ನನ್ನ ಮುಖ ನೋಡಿದಳು. ನನ್ನಷ್ಟೇ ದೊಡ್ಡವಳು ಅಲ್ವಾ ಅಂದಳು. ನಂತರ ತಲೆ ಎತ್ತಿ ಆ ಮನೆಯ ಕಿಟಕಿಗಳನ್ನು ನೋಡಿದಳು. ಮೂರನೇ ಮಹಡಿಯಲ್ಲಿ ಯಾರೋ ಬಟ್ಟೆ ಒಣಗಿ ಹಾಕಿದ್ದರು.

ಈ ಪುಟ್ಟ ದೇಶ ಮಕ್ಕಳಿಗೆ ಹಾಲೊಕಾಸ್ಟ್, ಅಂದರೆ ನಾಜಿಗಳು ಮಾಡಿದ ಯಹೂದಿಗಳ ಸಾಮೂಹಿಕ ಕೊಲೆಯ ವಿಷಯ ಹೇಳಿಕೊಡಲು ಶುರು ಮಾಡುವುದೇ ಇಲ್ಲಿಂದ. ಒಂದು ಮನೆ, ಒಂದು ಹೆಸರು, ಒಂದು ವಯಸ್ಸು. ನೆದರ್‌ಲ್ಯಾಂಡ್ಸ್ ನಮ್ಮ ಕರ್ನಾಟಕದ ನಾಲ್ಕನೇ ಒಂದು ಭಾಗವೂ ಇಲ್ಲ. ಯುದ್ಧಕ್ಕೆ ಮೊದಲು ಇಲ್ಲಿ ಸುಮಾರು 1,40,000 ಯಹೂದಿಗಳಿದ್ದರು. ಕೊಲೆಯಾದವರು 1,02,000ಕ್ಕೂ ಜಾಸ್ತಿ. ಅದರಲ್ಲಿ ಯುರೋಪಿನ ಅಲೆಮಾರಿ ಸಮುದಾಯಗಳಾದ ರೋಮಾ ಮತ್ತು ಸಿಂತಿಯ ಇನ್ನೂರಕ್ಕೂ ಹೆಚ್ಚು ಜನರೂ ಇದ್ದಾರೆ. ಪಶ್ಚಿಮ ಯುರೋಪಿನಲ್ಲಿ ಬೇರೆ ಯಾವ ದೇಶದಲ್ಲೂ ಯಹೂದಿಗಳಲ್ಲಿ ಇಷ್ಟು ಪಾಲು ಜನ ಸತ್ತಿಲ್ಲ. ಇಷ್ಟು ದೊಡ್ಡ ಸಂಖ್ಯೆ ಹತ್ತು ವರ್ಷದ ಮಗುವಿನ ತಲೆಯಲ್ಲಿ ನಿಲ್ಲುವುದಿಲ್ಲ. ತನ್ನ ಕೈಯಾರೆ ಬೆಳಗಿದ ಹೆಸರು ನಿಲ್ಲುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಅದು ನಮ್ಮ ಮನೆಯೊಳಗಿನದು. ಅದೇ ವಾರ ಊರಿಂದ ವಿಡಿಯೋ ಕಾಲ್ ಬಂದಿತ್ತು. ಟಿವಿ ಹಾಕಿಕೊಡಲಿಲ್ಲ ಅಂತ ಮಗಳು ಅಪ್ಪನ ಮೇಲೆ ದೂರು ಹೇಳಿದಳು. ನಮ್ಮ ಮಾವನವರು ಪ್ರೀತಿಯಿಂದಲೇ, "ನಿಮ್ಮಪ್ಪ ದೊಡ್ಡ ಹಿಟ್ಲರ್ ಕಣೇ" ಅಂದರು. ನಮ್ಮಲ್ಲಿ ಎಷ್ಟು ಸಲೀಸಾಗಿ ಆಡುವ ಮಾತು ನೋಡಿ. ಕಟ್ಟುನಿಟ್ಟಿನ ಮೇಷ್ಟ್ರು ಹಿಟ್ಲರ್, ಹಾಸ್ಟೆಲ್ ವಾರ್ಡನ್ ಹಿಟ್ಲರ್, ಅತ್ತೆ ಹಿಟ್ಲರ್. ನಾನೂ ಸಾವಿರ ಸಲ ಅಂದಿದ್ದೇನೆ. ಮಗಳು ಮಾತು ನಿಲ್ಲಿಸಿಬಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು, "ತಾತ, ಅಪ್ಪ ಯಾರನ್ನೂ ಸಾಯಿಸಿಲ್ಲ" ಅಂದಳು. ಮಾವನವರು ಮೂವತ್ತು ವರ್ಷ ಪಾಠ ಮಾಡಿದವರು. ಅವರಿಗೆ ತಕ್ಷಣ ಅರ್ಥವಾಯಿತು. ತಪ್ಪಾಯ್ತು ಮಗಾ ಅಂದರು. ಆ ಪದ ನಮ್ಮ ಮನೆಯಲ್ಲಿ ಮತ್ತೆ ಬಂದಿಲ್ಲ. ಊರಿಗೆ ಹೋದಾಗ ಪುಸ್ತಕದ ಅಂಗಡಿಯಲ್ಲಿ, ಜೀವನದಲ್ಲಿ ಗೆಲ್ಲುವುದು ಹೇಗೆ ಅನ್ನುವ ಪುಸ್ತಕಗಳ ಪಕ್ಕದಲ್ಲೇ ಹಿಟ್ಲರನ ಆತ್ಮಕಥೆ ಜೋಡಿಸಿಟ್ಟಿರುವುದನ್ನು ಕಂಡರೆ ಈಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮೊದಲು ಸುಮ್ನೆ ದಾಟಿ ಹೋಗುತ್ತಿದ್ದೆ.

"ಇದಕ್ಕೂ ನಮಗೂ ಏನು ಸಂಬಂಧ, ನಮ್ಮ ಮಕ್ಕಳು ಯಾಕೆ ಈ ಭಾರ ಹೊರಬೇಕು" ಅಂತ ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ಬರೆದಿದ್ದಾರೆ. ಅವರಿಗೂ ಉತ್ತರ ಕೊಡುತ್ತೇನೆ. ಈ ದೇಶಕ್ಕೆ ಬಂದ ಮೊದಲ ವಾರ ನಾವೆಲ್ಲ ಮಾಡಿದ ಕೆಲಸ ನೆನಪಿದೆಯಾ? ಖೆಮೆಂಟೆ, ಅಂದರೆ ನಗರಸಭೆ ಕಚೇರಿಗೆ ಹೋಗಿ ಹೆಸರು, ವಿಳಾಸ, ಹುಟ್ಟಿದ ದಿನ ಬರೆಸಿದ್ದು. ಎಷ್ಟು ಅಚ್ಚುಕಟ್ಟು, ಎಂಥ ವ್ಯವಸ್ಥೆ ಅಂತ ಊರಿಗೆ ಫೋನ್ ಮಾಡಿ ಹೇಳಿದ್ದೆ. ಯುದ್ಧದ ಕಾಲದಲ್ಲೂ ಇಷ್ಟೇ ಅಚ್ಚುಕಟ್ಟಾಗಿತ್ತು. ವ್ಯತ್ಯಾಸ ಏನೆಂದರೆ ಆಗಿನ ದಾಖಲೆಯಲ್ಲಿ ಧರ್ಮವೂ ಇತ್ತು. 1941ರ ಜನವರಿಯಲ್ಲಿ ಯಹೂದಿಗಳೆಲ್ಲ ಹೆಸರು ಬರೆಸಬೇಕು ಅಂತ ದೇಶವನ್ನು ಆಕ್ರಮಿಸಿದ್ದ ಜರ್ಮನರಿಂದ ಆಜ್ಞೆ ಬಂತು. ಹೆಚ್ಚುಕಮ್ಮಿ ಎಲ್ಲರೂ ಬರೆಸಿದರು. ಕಾನೂನು ಅಂದರೆ ಪಾಲಿಸಬೇಕು ಅಂತ ನಂಬಿದ್ದ ಜನ. ಅದೇ ವರ್ಷ ಆಮ್ಸ್ಟರ್‌ಡ್ಯಾಮ್ ನಗರದ ನೌಕರರು ಒಂದು ನಕ್ಷೆ ಮಾಡಿಕೊಟ್ಟರು. ಬೀದಿ ಬೀದಿಗೂ ಕಪ್ಪು ಚುಕ್ಕೆ. ಒಂದು ಚುಕ್ಕೆಗೆ ಹತ್ತು ಯಹೂದಿಗಳು. ನಮ್ಮ ಬಡಾವಣೆಯಲ್ಲೂ ಚುಕ್ಕೆಗಳು ಕಿಕ್ಕಿರಿದಿವೆ.

1943ರ ಮಾರ್ಚ್ 27ರಂದು ಆ ದಾಖಲೆಗಳ ಕಚೇರಿಗೇ ಒಂದು ಗುಂಪು ಬೆಂಕಿ ಇಟ್ಟಿತು. ಖೆರಿಟ್ ಫಾನ್ ಡೆರ್ ವೇನ್, ವಿಲೆಮ್ ಅರೊಂಡೇಯಸ್ ಮುಂತಾದವರು, ಅದರಲ್ಲೂ ಕಲಾವಿದರೇ ಮುಂದೆ ನಿಂತಿದ್ದು. ಅಗ್ನಿಶಾಮಕ ದಳದವರು ಬೇಕಂತಲೇ ನಿಧಾನ ಮಾಡಿದರು. ಬೆಂಕಿ ಆರಿದ ಮೇಲೂ ನೀರು ಹೊಡೆದು ಇನ್ನಷ್ಟು ಕಾರ್ಡ್‌ಗಳನ್ನು ಹಾಳುಮಾಡಿದರು. ಆದರೂ ಬಹುಪಾಲು ಉಳಿದುಹೋದವು. ಸಿಕ್ಕಿಬಿದ್ದವರಲ್ಲಿ ಹನ್ನೆರಡು ಮಂದಿಯನ್ನು ಗುಂಡಿಟ್ಟು ಕೊಂದರು.

ನನಗೆ ಈ ಶಾಲೆಗಳ ಮೇಲೆ ಗೌರವ ಬಂದದ್ದು ಇಲ್ಲೇ. ಬೆಂಕಿ ಇಟ್ಟವರ ಕಥೆಯನ್ನಷ್ಟೇ ಹೇಳಿ ಎದೆ ಉಬ್ಬಿಸುವುದು ಸುಲಭವಿತ್ತು. ಮೊದಲು ಬಹಳ ವರ್ಷ ಹಾಗೇ ಹೇಳುತ್ತಿದ್ದರಂತೆ: ನಾವೆಲ್ಲ ಒಳ್ಳೆಯವರು, ಜರ್ಮನರು ಕೆಟ್ಟವರು. ಈಗ ನಕ್ಷೆ ಮಾಡಿದವರ ಕಥೆಯನ್ನೂ ಹೇಳುತ್ತಾರೆ. ಹಿಡಿದುಕೊಟ್ಟ ಪೊಲೀಸರ ಕಥೆ, ದುಡ್ಡು ತೆಗೆದುಕೊಂಡು ಜನರನ್ನು ಕ್ಯಾಂಪಿಗೆ ಸಾಗಿಸಿದ ರೈಲ್ವೆಯ ಕಥೆ. ಸತ್ತು ಬದುಕಿ ವಾಪಸ್ ಬಂದವರಿಗೆ ಆಮ್ಸ್ಟರ್‌ಡ್ಯಾಮ್ ನಗರಸಭೆ ಹಳೇ ಭೂಬಾಡಿಗೆಯ ಬಿಲ್ ಕಳಿಸಿ, ಕಟ್ಟಲಿಲ್ಲ ಅಂತ ದಂಡವನ್ನೂ ಹಾಕಿತ್ತು. ಅವರು ಕ್ಯಾಂಪಿನಲ್ಲಿದ್ದ ವರ್ಷಗಳ ಬಾಕಿ ಅದು! ಎಷ್ಟೋ ದಶಕಗಳ ನಂತರ ಹಳೇ ಕಾಗದ ಜೋಡಿಸುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಕಣ್ಣಿಗೆ ಇದು ಬಿತ್ತು. 2016ರಲ್ಲಿ ನಗರ ಒಂದು ಕೋಟಿ ಯೂರೋ ವಾಪಸ್ ಕೊಡಲು ಒಪ್ಪಿತು. ಸರ್ಕಾರದ ಪರವಾಗಿ ಆಗಿನ ಪ್ರಧಾನಿ ರುಟ್ಟೆ ಕ್ಷಮೆ ಕೇಳಿದ್ದು 2020ರ ಜನವರಿಯಲ್ಲಿ, ಯುದ್ಧ ಮುಗಿದು ಎಪ್ಪತ್ತೈದು ವರ್ಷಕ್ಕೆ. ಬಹಳ ತಡ. ತಡವಾಯಿತು ಅನ್ನುವುದನ್ನೂ ಮಕ್ಕಳಿಗೆ ಮುಚ್ಚಿಡುವುದಿಲ್ಲ. ನಮ್ಮ ಮಕ್ಕಳು ಈ ದೇಶದಲ್ಲಿ ಓದಿ, ನಾಳೆ ಇಲ್ಲೇ ಯಾವುದೋ ಕಚೇರಿಯಲ್ಲಿ ಕೂತು ನಕ್ಷೆ, ಪಟ್ಟಿ, ಸಾಫ್ಟ್‌ವೇರ್ ಮಾಡುವವರು. ಅವರಿಗೆ ಈ ಕಥೆ ಗೊತ್ತಿರಬೇಕು ಅಲ್ವಾ?

ರಾಷ್ಟ್ರೀಯ ಹಾಲೊಕಾಸ್ಟ್ ಮ್ಯೂಸಿಯಂ 2024ರ ಮಾರ್ಚ್‌ನಲ್ಲಿ ತೆರೆಯಿತು. ಪ್ಲಾಂಟಾಜ್ ಮಿಡನ್‌ಲಾನ್ ರಸ್ತೆಯಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಒಳಗೆ ಹೋಗುವ ಮೊದಲು ಹೊರಗೆ ಟ್ರಾಮ್ ಹಳಿಯ ಪಕ್ಕ ಐದು ನಿಮಿಷ ನಿಂತುಕೊಳ್ಳಿ. ಎದುರಿಗಿರುವ ನಾಟಕಮಂದಿರದಲ್ಲಿ ಆಗ ಹಿಡಿದು ತಂದ ಯಹೂದಿಗಳನ್ನು ಕೂಡಿಹಾಕುತ್ತಿದ್ದರು. ಚಿಕ್ಕ ಮಕ್ಕಳನ್ನು ಮಾತ್ರ ರಸ್ತೆಯ ಈಚೆಗಿದ್ದ ಶಿಶುವಿಹಾರದಲ್ಲಿ ಇಡುತ್ತಿದ್ದರು. ಶಿಶುವಿಹಾರ ನೋಡಿಕೊಳ್ಳುತ್ತಿದ್ದ ಹೆನ್ರಿಯೆಟ್ ಪಿಮೆಂಟೆಲ್, ನಾಟಕಮಂದಿರದ ಪಟ್ಟಿ ಇಡುತ್ತಿದ್ದ ವಾಲ್ಟರ್ ಸೂಸ್ಕಿಂಡ್, ಪಕ್ಕದ ಶಿಕ್ಷಕರ ತರಬೇತಿ ಕಾಲೇಜಿನ ಯೋಹಾನ್ ಫಾನ್ ಹುಲ್ಸ್ಟ್, ಇವರೆಲ್ಲ ಸೇರಿ ಒಂದೊಂದೇ ಮಗುವನ್ನು ಸಾಗಿಸಿದರು. ಪಟ್ಟಿಯಿಂದ ಹೆಸರು ಮಾಯ. ಹಿತ್ತಲ ಬೇಲಿ ದಾಟಿಸಿ ಕಾಲೇಜಿನೊಳಗೆ ಮಗು. ಇಲ್ಲವೇ, ಟ್ರಾಮ್ ಬಂದು ಎದುರಿನ ಕಾವಲುಗಾರರ ಕಣ್ಣಿಗೆ ಅಡ್ಡವಾದ ಆ ಕೆಲವೇ ಕ್ಷಣದಲ್ಲಿ ಮಗುವನ್ನು ಎತ್ತಿಕೊಂಡು ಹೊರಗೆ. ಹೀಗೆ ಸುಮಾರು ಆರುನೂರು ಮಕ್ಕಳು ಬದುಕಿಕೊಂಡರು.

ಆ ಮಕ್ಕಳ ತಾಯಂದಿರನ್ನೂ ಮೊದಲು ಕೇಳಬೇಕಾಗಿತ್ತು. ಮಗುವನ್ನು ಕೊಡುತ್ತೀರಾ, ಯಾರ ಮನೆಗೆ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ, ಅಂತ. ನಾನು ಅಲ್ಲಿ ನಿಂತಾಗ ಒಂದು ಟ್ರಾಮ್ ಬಂತು, ನಿಂತಿತು, ಹೋಯಿತು. ಅಷ್ಟೇ ಹೊತ್ತು. ಪಿಮೆಂಟೆಲ್ ಅವರನ್ನು 1943ರಲ್ಲಿ ಆಶ್ವಿಟ್ಜ್ ಕ್ಯಾಂಪಿನಲ್ಲಿ ಕೊಂದರು. ಫಾನ್ ಹುಲ್ಸ್ಟ್ 107 ವರ್ಷ ಬದುಕಿದರು. ಉಳಿಸಿದ ಮಕ್ಕಳಿಗಿಂತ ಉಳಿಸಲಾಗದೇ ಹೋದವರೇ ಅವರಿಗೆ ಕೊನೆಯವರೆಗೂ ನೆನಪಾಗುತ್ತಿದ್ದರಂತೆ.

ನಮ್ಮ ಸಮಿತಿಯವರಿಗೆ ಒಂದು ಕೋರಿಕೆ ಇದೆ. ಯುದ್ಧದಲ್ಲಿ ಸತ್ತವರನ್ನು ಈ ದೇಶ ನೆನೆಯುವ ದಿನವಾದ ಮೇ 4ರ ಸಂಜೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ, ರಿಹರ್ಸಲ್ ಕೂಡ. ಒಂದು ವರ್ಷ ಯುಗಾದಿ ಕಾರ್ಯಕ್ರಮ ಮುಂದಕ್ಕೆ ಹೋಗಿ, ಆ ಸಂಜೆ ಹಾಲ್‌ನಲ್ಲಿ ಮಕ್ಕಳ ಡ್ಯಾನ್ಸ್ ಪ್ರಾಕ್ಟೀಸ್ ನಡೆದಿತ್ತು. ಎಂಟಕ್ಕೆ ಐದು ನಿಮಿಷ ಇರುವಾಗ ಹಾಲ್ ನೋಡಿಕೊಳ್ಳುವ ಹಿರಿಯರು ಬಂದು ಬಾಗಿಲಲ್ಲಿ ನಿಂತರು. ಏನೂ ಬೈಯಲಿಲ್ಲ. ಕೋಟು ಹಾಕಿಕೊಂಡಿದ್ದರು, ಕೈಯಲ್ಲಿ ಟೋಪಿ. ನಮಗೆ ಆಗ ಹೊಳೆಯಿತು. ಸ್ಪೀಕರ್ ಆಫ್ ಮಾಡಿದೆವು. ಎಂಟು ಗಂಟೆಗೆ ಎರಡು ನಿಮಿಷ ಇಡೀ ದೇಶ ಮೌನವಾಗಿ ನಿಲ್ಲುತ್ತದೆ. ಟ್ರಾಮ್ ನಿಲ್ಲುತ್ತದೆ, ಸೈಕಲ್ ತುಳಿಯುತ್ತಿರುವವರು ಇಳಿದು ನಿಲ್ಲುತ್ತಾರೆ. ಗೆಜ್ಜೆ ಕಟ್ಟಿಕೊಂಡಿದ್ದ ನಮ್ಮ ಪುಟಾಣಿಗಳು ಅಲುಗಾಡದೆ ನಿಂತರು. ಒಂದು ಗೆಜ್ಜೆ ಮಾತ್ರ ಆಗಾಗ ಸಣ್ಣಗೆ ಸದ್ದು ಮಾಡುತ್ತಿತ್ತು. ಮುಗಿದ ಮೇಲೆ ಆ ಹಿರಿಯರು ಬಂದು ಒಬ್ಬೊಬ್ಬರ ಕೈ ಕುಲುಕಿ ಹೋದರು.

ನಾಜಿಗಳ ಗುರುತಿನ ಹಾಗೇ ಕಾಣುತ್ತದಲ್ಲ, ರಂಗೋಲಿಯಲ್ಲಿ ಸ್ವಸ್ತಿಕ ಬಿಡಿಸಬಹುದಾ ಅಂತ ಹೊಸಬರು ಪ್ರತಿ ಹಬ್ಬಕ್ಕೂ ಕೇಳುತ್ತಾರೆ. ನಮ್ಮ ಅರ್ಥ ಬೇರೆ, ನಮ್ಮದು ಎಷ್ಟೋ ಹಳೆಯದು, ಎಲ್ಲ ನಿಜ. ನಾನು ದೇವರ ಮುಂದೆ ಬಿಡಿಸುತ್ತೇನೆ. ಬೀದಿ ಬಾಗಿಲಲ್ಲಿ ಪದ್ಮ ಇಡುತ್ತೇನೆ. ನಮ್ಮ ಬಾಗಿಲ ಮುಂದೆ ಹಾದುಹೋಗುವ ಅಜ್ಜಿಗೆ ಸ್ವಸ್ತಿಕ ಕಂಡು ಏನು ನೆನಪಾಗಬಹುದು ಅಂತ ಯೋಚಿಸಿದರೆ ಸಾಕು, ಅದರಲ್ಲಿ ನಮ್ಮ ಸಂಸ್ಕೃತಿ ಏನೂ ಕಳೆದುಹೋಗುವುದಿಲ್ಲ. ಮನೆಗೆ ಬರುವ ಮಗನ ಸ್ನೇಹಿತರಿಗೆ ಮಾತ್ರ ಮೊದಲೇ ಬಿಡಿಸಿ ಹೇಳಿಬಿಡಿ.

ಈಗ ವೆಸ್ಟರ್‌ಬೋರ್ಕ್. ಜರ್ಮನಿಯಿಂದ ಓಡಿಬಂದ ಯಹೂದಿಗಳಿಗೆ ಅಂತ ಡಚ್ ಸರ್ಕಾರವೇ 1939ರಲ್ಲಿ ಕಟ್ಟಿದ ಕ್ಯಾಂಪ್ ಅದು. 1942ರ ಜುಲೈನಿಂದ ಅಲ್ಲಿಂದಲೇ ಪೂರ್ವಕ್ಕೆ ರೈಲು ಹೊರಟವು. ಹೆಣಗಳ ಚಿತ್ರ ನೋಡಿ ಮಗ ಬೆಚ್ಚಿಬೀಳುತ್ತಾನೆ ಅಂತ ನಿಮ್ಮ ಭಯ ಇರಬಹುದು. ಆ ಬಯಲಿನಲ್ಲಿ ಅಂಥದ್ದೇನೂ ಇಲ್ಲ. ಹುಲ್ಲು, ಮರ, ಆಕಾಶ ನೋಡುವ ದೊಡ್ಡ ರೇಡಿಯೋ ದೂರದರ್ಶಕಗಳು. ಬಯಲಲ್ಲಿ 1,02,000 ಪುಟ್ಟ ಕಲ್ಲುಗಳು, ಒಬ್ಬೊಬ್ಬರಿಗೆ ಒಂದೊಂದು. ತುದಿಯಲ್ಲಿ ಕಿತ್ತು ಮೇಲಕ್ಕೆ ಬಾಗಿಸಿದ ರೈಲು ಹಳಿ.

ಮ್ಯೂಸಿಯಂನಿಂದ ಕ್ಯಾಂಪಿಗೆ ಸುಮಾರು ಮೂರು ಕಿಲೋಮೀಟರ್. ಮಕ್ಕಳನ್ನು ಹೆಚ್ಚಾಗಿ ನಡೆಸಿಕೊಂಡೇ ಹೋಗುತ್ತಾರೆ, ಒಳ್ಳೇ ಶೂ ಹಾಕಿಸಿ. ಗಾಳಿ ಜಾಸ್ತಿ, ಮಳೆ ಜಾಕೆಟ್ ಬೇಕೇ ಬೇಕು. ಸಂಜೆ ಬಂದ ತಕ್ಷಣ ಹೇಗಿತ್ತು ಅಂತ ಕೇಳಬೇಡಿ. ಬಿಸಿಬಿಸಿ ಊಟ ಹಾಕಿ. ಆ ವಾರ ಟ್ಯೂಷನ್, ಈಜು ಅಂತ ಓಡಿಸದೆ ಸ್ವಲ್ಪ ಹೊತ್ತು ಸುಮ್ನೆ ಪಕ್ಕದಲ್ಲಿರಿ. ನನ್ನ ಮಗಳು ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ಜಡೆ ಹಾಕುತ್ತಿದ್ದಾಗ ಕೇಳಿದಳು. "ಅಮ್ಮಾ, ರೈಲು ಮಂಗಳವಾರ ಹೋಗ್ತಿತ್ತಂತೆ. ಯಾರ್‍ಯಾರು ಹೋಗಬೇಕು ಅಂತ ಹಿಂದಿನ ರಾತ್ರಿ ಹೆಸರು ಓದ್ತಿದ್ರಂತೆ. ಹೆಸರು ಬರದೇ ಇದ್ದವರಿಗೆ ಆ ರಾತ್ರಿ ನಿದ್ದೆ ಬರ್ತಿತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಧ ಹೆಣೆದ ಜಡೆ ಹಾಗೇ ಬಿಟ್ಟು ಅವಳ ಪಕ್ಕ ಕೂತೆ. ಅವತ್ತು ಶಾಲೆಗೆ ಹತ್ತು ನಿಮಿಷ ತಡವಾಯಿತು.